ನೆನಪಿಲ್ಲದ ಪೆಟ್ಟಿಗೆ

ಆ ಮಧ್ಯಾಹ್ನ ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ ಕೂತು ಒಂದು ಶಾಲೆಯ ವಾರ್ಷಿಕೋತ್ಸವದ ನೃತ್ಯಕ್ಕೆ ಹಿನ್ನೆಲೆ ಸಂಗೀತದ ಟ್ರ್ಯಾಕ್ ಮಾಡುತ್ತಿದ್ದೆ. ಕೊಳಲಿನ ಧ್ವನಿ ಸ್ವಲ್ಪ ಚೂಪಾಗಿ ಕೇಳುತ್ತಿತ್ತು. ಲ್ಯಾಪ್‌ಟಾಪಿನ ಪರದೆಯ ಮೇಲೆ ಅದಕ್ಕೊಂದು ನಾಬಿನ, ಅಂದರೆ ತಿರುಗಿಸುವ ಗುಂಡಿಯ, ಚಿತ್ರವಿತ್ತು. ಮೌಸಿನ ಬಾಣವನ್ನು ಅದರ ಮೇಲಿಟ್ಟು ಒಂಚೂರು ಕೆಳಕ್ಕೆ ಎಳೆದರೆ ಸಾಕು, ಚೂಪು ತಗ್ಗುತ್ತದೆ. ಆದರೆ ಬಾಣ ಕಾಣಲಿಲ್ಲ. ಮೌಸನ್ನು ಅಲ್ಲಾಡಿಸಿದೆ. ಮುಖವನ್ನು ಪರದೆಯ ಹತ್ತಿರಕ್ಕೆ ಒಯ್ದು ಎಡ ಮೂಲೆಯಿಂದ ಬಲ ಮೂಲೆಯವರೆಗೆ, ಗುಡಿಸುವವಳ ಹಾಗೆ, ಕಣ್ಣಾಡಿಸಿದೆ. ಕೊನೆಗೆ ಸಿಕ್ಕಿತು ಅಂದುಕೊಂಡು ಒತ್ತಿ ಎಳೆದೆ. ನಾನು ಎಳೆದದ್ದು ಬೇರೆ ಯಾವುದನ್ನೋ. ಕೊಳಲು ಕೊಳಲಾಗಿ ಉಳಿಯಲಿಲ್ಲ, ತಗಡಿನ ಪೀಪಿಯಂತೆ ಕಿರುಚಿತು. ಯಾವುದನ್ನು ಎಳೆದೆ ಎನ್ನುವುದು ಗೊತ್ತಾಗದೆ ಸರಿಮಾಡಲೂ ಆಗಲಿಲ್ಲ. ಅಲ್ಲಿಯವರೆಗೆ ಮಾಡಿದ್ದನ್ನು ಬಿಟ್ಟು ಮೊದಲಿನಿಂದ ಶುರುಮಾಡಿದೆ.

ಅದೇನೂ ಮೊದಲ ಸಲವಲ್ಲ. ಆದರೆ ಇದನ್ನು ಹೀಗೇ ನಡೆಸಿಕೊಂಡು ಹೋಗಲಾಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡದ್ದು ಅವತ್ತು.

ನನಗೆ ಸಂಗೀತ ಬಂದದ್ದು ತೆರಕಣಾಂಬಿಯ ಅಪ್ಪನ ಮನೆಯಲ್ಲಿ. ಅಪ್ಪ ಬೇಸಾಯದ ನಡುವೆ ಪೌರಾಣಿಕ ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದರು. ನಾಟಕ ಕಲಿಸುವ ಮೇಷ್ಟ್ರು ನಮ್ಮ ಜಗಲಿಯ ಮೇಲೆಯೇ ಹಾರ್ಮೋನಿಯಂ ಇಟ್ಟುಕೊಂಡು ತಾಲೀಮು ನಡೆಸುತ್ತಿದ್ದರು. ಅವರು ಊಟಕ್ಕೆ ಎದ್ದಾಗ ನಾನು ಕೂತು ನುಡಿಸುತ್ತಿದ್ದೆ. ಒಂದು ದಿನ ಅವರು ಬೇಗ ಕೈತೊಳೆದುಕೊಂಡು ಬಂದವರು ಬೈಯಲಿಲ್ಲ, ಪಕ್ಕದಲ್ಲಿ ಕೂತು ಬೆರಳು ತಿದ್ದಿದರು. ಕಾಲೇಜು ಮುಗಿಸುವ ಹೊತ್ತಿಗೆ ಚಾಮರಾಜನಗರದ ಒಂದು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಮದುವೆಯ ಆರತಕ್ಷತೆ, ಗಣೇಶನ ಕಾರ್ಯಕ್ರಮ, ಕನ್ನಡ ರಾಜ್ಯೋತ್ಸವ, ಹೀಗೆ ಕೈತುಂಬ ಕೆಲಸವಿತ್ತು. ಆಮೇಲೆ ಹಾಡುವವರು ಮೊಬೈಲಿನಲ್ಲಿ ಟ್ರ್ಯಾಕ್ ಹಾಕಿಕೊಂಡು ಹಾಡಲು ಕಲಿತರು. ಎಂಟು ಜನ ನುಡಿಸುವವರನ್ನು ಕರೆಸುವ ಕಡೆ ಒಬ್ಬ ಹಾಡುಗಾರ, ಎರಡು ಸ್ಪೀಕರ್ ಸಾಕಾಯಿತು. ಆರ್ಕೆಸ್ಟ್ರಾ ನಿಂತಿತು. ನಮ್ಮ ಕೆಲಸ ಕಿತ್ತುಕೊಂಡ ಆ ಟ್ರ್ಯಾಕುಗಳನ್ನು ನಾನೇ ಯಾಕೆ ಮಾಡಿಕೊಡಬಾರದು ಎಂದು ಲ್ಯಾಪ್‌ಟಾಪ್ ತೆಗೆದುಕೊಂಡೆ. ಮದುವೆಯಾಗಿ ಗುಂಡ್ಲುಪೇಟೆಗೆ ಬಂದ ಮೇಲೂ ಅದನ್ನೇ ಮುಂದುವರಿಸಿದೆ. ಶಾಲೆಯ ನೃತ್ಯ, ದೇವರ ಹಾಡು, ಪಂಚಾಯ್ತಿ ಚುನಾವಣೆಯಲ್ಲಿ ಆಟೋದ ಮೇಲೆ ಕೂಗಿಸುವ ಹಾಡು, ಎಲ್ಲ ನನ್ನ ಹತ್ತಿರ ಬರುತ್ತಿದ್ದವು.

ಲ್ಯಾಪ್‌ಟಾಪಿನೊಳಗೆ ಕೂತಿರುವ ವಾದ್ಯಗಳಿಗೆ ನಮ್ಮ ಕಸುಬಿನಲ್ಲಿ ಪ್ಲಗಿನ್ ಅನ್ನುತ್ತಾರೆ. ತಬಲ, ಚೆಂಡೆ, ನಾಗಸ್ವರ, ಇಪ್ಪತ್ತು ಜನ ಒಟ್ಟಿಗೆ ಬಾರಿಸಿದಂಥ ಪಿಟೀಲು, ಏನು ಬೇಕಾದರೂ ಸಿಗುತ್ತದೆ. ಮುಂದೆ ಒಂದು ಸಣ್ಣ ಕೀಬೋರ್ಡ್ ಜೋಡಿಸಿಕೊಂಡು ನುಡಿಸಿದರೆ ಆಯಿತು. ಪ್ರತಿಯೊಂದು ಪ್ಲಗಿನ್ನಿಗೂ ಪರದೆಯ ಮೇಲೆ ಒಂದು ಚಿತ್ರ ಇರುತ್ತದೆ, ನಿಜವಾದ ಯಂತ್ರದ ಮುಖದ ಹಾಗೆ, ಸಾಲುಸಾಲು ನಾಬುಗಳು, ನೆರಳು ಸಮೇತ ಬರೆದಿರುತ್ತಾರೆ. ನೋಡಲು ಚೆಂದ. ಆದರೆ ನೋಡಬೇಕು.

ನನ್ನ ಕಣ್ಣಿನ ತೊಂದರೆ ಚಿಕ್ಕಂದಿನಿಂದಲೂ ಇತ್ತು. ಹೊತ್ತು ಮುಳುಗಿದರೆ ಯಾರದಾದರೂ ಕೈ ಹಿಡಿದುಕೊಳ್ಳುತ್ತಿದ್ದೆ. ಇರುಳುಗಣ್ಣು ಎಂದು ಅವ್ವ ನುಗ್ಗೆಸೊಪ್ಪು, ಹೊನಗೊನೆ ಸೊಪ್ಪು ತಿನ್ನಿಸಿದ್ದೇ ತಿನ್ನಿಸಿದ್ದು. ಮದುವೆಯಾದ ಕೆಲವು ವರ್ಷಕ್ಕೆ ಹಗಲಲ್ಲೂ ಬಾಗಿಲ ಚೌಕಟ್ಟಿಗೆ ಭುಜ ತಗುಲತೊಡಗಿತು. ಪಕ್ಕದಲ್ಲಿ ಇಟ್ಟ ಲೋಟ ಉರುಳುತ್ತಿತ್ತು. ಮೈಸೂರಿನ ಕಣ್ಣಿನ ಡಾಕ್ಟರು ನನ್ನ ಹಣೆಯನ್ನು ಒಂದು ಯಂತ್ರಕ್ಕೆ ಒತ್ತಿ ಕೂರಿಸಿ, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಿ ಎಂದರು. ನಾನು ಒತ್ತಿದ್ದು ಬಹಳ ಕಡಿಮೆ. ನೋಟ ಸುತ್ತಲಿನಿಂದ ಮುಚ್ಚಿಕೊಳ್ಳುತ್ತಾ ಬರುತ್ತದೆ, ಕೊಳವೆಯೊಳಗಿಂದ ನೋಡಿದ ಹಾಗೆ ಆಗುತ್ತದೆ, ಎಷ್ಟು ವರ್ಷ ಎಂದು ಹೇಳಲು ಬರುವುದಿಲ್ಲ, ಇದಕ್ಕೆ ಸದ್ಯಕ್ಕೆ ಔಷಧಿ ಇಲ್ಲ ಎಂದು ಅವರು ನೇರವಾಗಿಯೇ ಹೇಳಿದರು. ನೇರವಾಗಿ ಹೇಳಿದ್ದಕ್ಕೆ ನನಗೆ ಅವರ ಮೇಲೆ ಗೌರವ ಬಂತು.

ನನ್ನ ಗಂಡ ಸರ್ಕಾರಿ ಬಸ್ಸಿನ ಕಂಡಕ್ಟರು, ಗುಂಡ್ಲುಪೇಟೆ–ಚಾಮರಾಜನಗರ ರೂಟು. ಅವತ್ತು ರಜೆ ಹಾಕಿ ನನ್ನ ಜೊತೆ ಬಂದಿದ್ದರು. ವಾಪಸು ಬರುವಾಗ ನಂಜನಗೂಡು ದಾಟಿದ ಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದರು.

"ಏನ್ ಮಾಡನ ಅಂತಿದ್ದೀಯಮ್ಮಿ?"

"ಕೆಲ್ಸ ಮಾಡ್ತೀನಿ."

"ಯಾವ ಕೆಲ್ಸ?"

"ಮಾಡ್ತಾ ಇರೋದೇ. ಬೇರೆ ಯಾವ್ದು ಬರ್ತದ ನಂಗೆ?"

ಅವರು ನನ್ನ ಕಡೆ ತಿರುಗಿ, "ಸರಿ ಬುಡು. ಎಂಗೆ ಅನ್ನದ ನೋಡನ" ಅಂದರು.

ಉಳಿದವರು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಅಣ್ಣ ತೆರಕಣಾಂಬಿಯಿಂದ ಬಂದು, "ಕಣ್ಗೆ ಒಸಿ ರೆಸ್ಟ್ ಕೊಡವ್ವ, ಆ ಕಂಪ್ಯೂಟ್ರು ನೋಡೀ ನೋಡೀ ಇಂಗಾಗದ" ಅಂದ. ಕಂಪ್ಯೂಟರ್ ನೋಡಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರೇ ಹೇಳಿದ್ದರು. ಅದನ್ನು ಹೇಳಿದೆ. ಅವನು ನಂಬಲಿಲ್ಲ. ಅತ್ತೆ ಪಾಪ ಪ್ರೀತಿಯಿಂದಲೇ, ಇನ್ನು ಮನೆಯಲ್ಲಿ ಕೂತು ದೇವರ ನಾಮ ಹೇಳಿಕೊಡು, ಮಕ್ಕಳು ಬರುತ್ತಾರೆ ಅಂದರು. ಹೇಳಿಕೊಡುವುದು ಒಳ್ಳೆಯ ಕೆಲಸವೇ. ಆದರೆ ನನಗೆ ಇಷ್ಟವಾದದ್ದು ಧ್ವನಿ ಮಾಡುವ ಕೆಲಸ. ಒಂದು ಸ್ವರವನ್ನು ದಪ್ಪ ಮಾಡುವುದು, ಸಪೂರ ಮಾಡುವುದು, ಅದಕ್ಕೆ ಗಾಳಿ ತುಂಬುವುದು. ಅದನ್ನು ಬಿಟ್ಟುಕೊಡಲು ನಾನು ಸಿದ್ಧಳಿರಲಿಲ್ಲ.

ಕೊಳಲು ಪೀಪಿಯಾದ ಆ ಮಧ್ಯಾಹ್ನದ ನಂತರ ಮೊದಲು ಪರದೆಯನ್ನು ಓದಿ ಹೇಳುವ ತಂತ್ರಾಂಶವನ್ನು ಹಾಕಿಸಿಕೊಂಡೆ. ಕಣ್ಣು ಕಾಣದ ಬಹಳ ಜನ ಅದರಿಂದಲೇ ಕೆಲಸ ಮಾಡುತ್ತಾರೆ. ಮೈಸೂರಿನ ಒಬ್ಬ ಮೇಡಂ ಫೋನಿನಲ್ಲೇ ಕಲಿಸಿದರು. ಅವರಿಗೂ ಕಣ್ಣು ಕಾಣುವುದಿಲ್ಲ. ಮೌಸನ್ನು ಡ್ರಾಯರಿನೊಳಗೆ ಹಾಕಿಬಿಡಿ, ಕೈಯಳತೆಯಲ್ಲಿದ್ದರೆ ಕೈ ಅಲ್ಲಿಗೇ ಹೋಗುತ್ತದೆ ಎಂದರು. ಹಾಗೇ ಮಾಡಿದೆ. ಕೆಲವು ವಾರಗಳಲ್ಲಿ ರೆಕಾರ್ಡಿಂಗಿನ ಕೆಲಸವೆಲ್ಲ ಕೀಲಿಗಳಿಂದಲೇ ಮಾಡಲು ಬಂತು. ನಿಲ್ಲಿಸು, ಹಿಂದಕ್ಕೆ ಹೋಗು, ಕತ್ತರಿಸು, ಜೋಡಿಸು, ಎಲ್ಲವನ್ನೂ ಹೆಣ್ಣುದನಿಯ ಆ ತಂತ್ರಾಂಶ, ನನ್ನ ಪಾಲಿಗೆ ಯಂತ್ರದ ಹೆಂಗಸು, ಹೇಳುತ್ತಿದ್ದಳು, ನಾನು ಒತ್ತುತ್ತಿದ್ದೆ.

ಆದರೆ ಪ್ಲಗಿನ್ ತೆರೆದ ತಕ್ಷಣ ಅವಳು ಮೂಕಿಯಾಗುತ್ತಿದ್ದಳು. ಅವಳಿಗೆ ಅಕ್ಷರ ಓದಲು ಬರುತ್ತದೆ, ಚಿತ್ರ ಓದಲು ಬರುವುದಿಲ್ಲ. ಆ ನಾಬುಗಳೆಲ್ಲ ಚಿತ್ರಗಳು.

ಗಂಡ ಒಂದು ಸಂಜೆ ಡ್ಯೂಟಿ ಮುಗಿಸಿ ಬಂದು ಪಕ್ಕದಲ್ಲಿ ಕೂತು ಕೇಳುತ್ತಿದ್ದರು. "ಇಷ್ಟೊತ್ತು ಚೆನ್ನಾಗ್ ಮಾತಾಡ್ತಿದ್ಲು. ಯಾಕ ನಿಲ್ಸುಬುಟ್ಲು?" ಅಂದರು.

"ಅವ್ಳಿಗೂ ಕಾಣಲ್ಲ" ಅಂದೆ. ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಸಿಟ್ಟು ಬಂತು. ಕಾಣುವವರಿಗಾಗಿ ಇಷ್ಟು ಅಂದವಾಗಿ ನಾಬು ಬರೆದವರಿಗೆ ಅದರ ಹೆಸರೊಂದನ್ನು ಒಳಗೆ ಸೇರಿಸಲು ಏನಾಗಿತ್ತು? ಚಿತ್ರದ ನಾಬು ಬೇಡ, ನಿಜವಾದ ನಾಬೇ ಬೇಕು ಎನ್ನುವ ಯೋಚನೆ ನನಗೆ ಆ ಸಿಟ್ಟಿನಲ್ಲಿ ಬಂತು.

ಚಾಮರಾಜನಗರದಲ್ಲಿ ಮೈಕ್ ಸೆಟ್ಟು, ಲೈಟು ಬಾಡಿಗೆಗೆ ಕೊಡುವ ಒಬ್ಬರಿದ್ದಾರೆ. ಆರ್ಕೆಸ್ಟ್ರಾದ ದಿನಗಳಿಂದ ಪರಿಚಯ. ನಾವೆಲ್ಲ ಅವರನ್ನು ಭಾಯಿ ಅನ್ನುತ್ತಿದ್ದೆವು. ಈಗ ಅವರ ಗಡ್ಡ ಪೂರ್ತಿ ಬೆಳ್ಳಗಾಗಿದೆ. ಕೆಳಗೆ ಅಂಗಡಿ, ಮೇಲೆ ಮನೆ. ನಿಂತುಹೋದ ಆರ್ಕೆಸ್ಟ್ರಾಗಳ, ಮುಚ್ಚಿದ ಸ್ಟುಡಿಯೋಗಳ ಸಾಮಾನು ಅವರ ಗೋಡೌನಿಗೇ ಬಂದು ಸೇರುತ್ತದೆ. ಗಂಡನ ಬಸ್ಸಿನಲ್ಲೇ ಒಂದು ಬೆಳಗ್ಗೆ ಹೋದೆ. ಫೋನ್ ಮಾಡಿ ಧ್ವನಿ ಹುಟ್ಟಿಸುವ ಸಿಂಥಸೈಸರ್ ಬೇಕು ಎಂದಷ್ಟೇ ಹೇಳಿದ್ದೆ, ಕಣ್ಣಿನ ವಿಷಯ ಹೇಳಿರಲಿಲ್ಲ.

ಅವರು ಒಂದು ದೊಡ್ಡ ಕೀಬೋರ್ಡನ್ನು ಒರೆಸಿ ಮೇಜಿನ ಮೇಲೆ ಇಟ್ಟಿದ್ದರು. ನಮ್ಮ ಆರ್ಕೆಸ್ಟ್ರಾದ್ದೇ.

"ನೋಡಮ್ಮಾ, ನಿಂದೇ. ನಿನ್ ಕೈ ಇದ್ರ ಮೇಲೇ ಪಳಗಿದ್ದು. ಸಾವಿರ ಸೌಂಡ್ ಅದೆ ಇದ್ರೊಳಗೆ. ಕಣ್ ಮುಚ್ಕೊಂಡು ತಗೊಂಡ್ ಹೋಗು."

ಅವರಿಗೆ ಗೊತ್ತಿಲ್ಲದೆ ಬಂದ ಮಾತು ಅದು. ನಾನು ಸ್ಟೂಲಿನ ಮೇಲೆ ಕೂತು ನುಡಿಸಿದೆ. ಬೆರಳುಗಳಿಗೆ ಎಲ್ಲ ನೆನಪಿತ್ತು, ಒಂದು ಕೀಲಿ ಸವೆದಿದ್ದೂ ಸೇರಿ. ಆಮೇಲೆ ಒಂದು ಧ್ವನಿಯನ್ನು ಬದಲಿಸಲು ನೋಡಿದೆ. ಅದರ ನಡುವೆ ಅಂಗೈಯಗಲದ ಪರದೆ. ಮೊದಲ ಪುಟ, ಅದರೊಳಗೆ ಇನ್ನೊಂದು ಪುಟ, ಅದರೊಳಗೆ ಮತ್ತೊಂದು. ಒಂದೇ ಗುಂಡಿ ಒಂದು ಪುಟದಲ್ಲಿ ಒಂದು ಕೆಲಸ ಮಾಡುತ್ತದೆ, ಮುಂದಿನ ಪುಟದಲ್ಲಿ ಇನ್ನೊಂದು. ಲ್ಯಾಪ್‌ಟಾಪಿನ ಪರದೆಯಾದರೂ ದೊಡ್ಡದು. ಇದು ಅದಕ್ಕಿಂತ ಕಷ್ಟ.

"ಇದು ಬೇಡ ಭಾಯಿ. ಬೇರೆ ಏನಿದೆ?"

"ಇದ್ಬಿಟ್ರೆ ಮಕ್ಳು ಆಡೋ ಕೀಬೋರ್ಡ್‌ಗಳು."

"ನಾಬ್ ಇರೋದು ಯಾವುದೂ ಇಲ್ವಾ? ಪರದೆ ಇಲ್ದೆ ಇರೋದು?"

ಅವರು ಯೋಚಿಸಿದರು. "ಒಂದಿದೆ. ಮೈಸೂರಲ್ಲಿ ಒಂದು ಸ್ಟುಡಿಯೋ ಮುಚ್ಚಿದಾಗ ಲಾಟಲ್ಲಿ ಬಂತು. ಯಾರಿಗೂ ಬೇಡ ಅದು" ಅಂದು ಗೋಡೌನಿನಿಂದ ಜಮಖಾನದಲ್ಲಿ ಸುತ್ತಿದ್ದ ಒಂದು ಪೆಟ್ಟಿಗೆಯನ್ನು ತಂದರು. ಮೂರು ಸ್ಥಾಯಿಗೆ ಆಗುವಷ್ಟು ಕೀಲಿಗಳು, ಅದರ ಮೇಲೆ ಇಳಿಜಾರಾದ ಕಬ್ಬಿಣದ ಫಲಕ. ಕೈ ಇಟ್ಟೆ. ನಾಬುಗಳು. ಸಾಲಾಗಿ, ಒಂದರ ಪಕ್ಕ ಒಂದು, ಗಟ್ಟಿಯಾಗಿ, ತಿರುಗಿಸಿದರೆ ಎಣ್ಣೆ ಹಾಕಿದ ಹಾಗೆ ತಿರುಗುವ ನಾಬುಗಳು.

"ಇದ್ರಲ್ಲಿ ಏನೂ ಇಲ್ಲ ಕಣಮ್ಮ" ಭಾಯಿ ಹೇಳುತ್ತಲೇ ಇದ್ದರು. "ತಬ್ಲ ಇಲ್ಲ, ಕೊಳಲಿಲ್ಲ. ರಿದಮ್ ಇಲ್ಲ. ನೀನೇ ಸೌಂಡ್ ಮಾಡ್ಕೋಬೇಕು. ಮಾಡ್ಕೊಂಡ್ರೂ ಇಟ್ಕೊಳಕ್ಕೆ ಮೆಮೊರಿ ಇಲ್ಲ. ಸ್ವಿಚ್ ಆಫ್ ಮಾಡಿ, ಯಾರಾದ್ರೂ ನಾಬ್ ಮುಟ್ಟಿದ್ರೆ ಮುಗೀತು, ನಿನ್ ಸೌಂಡ್ ಹೋಯ್ತು."

ತಂತಿ ಜೋಡಿಸಿ ಕೊಟ್ಟರು. ಒಂದು ಕೀಲಿ ಒತ್ತಿ ಹಿಡಿದುಕೊಂಡು ಮೊದಲ ನಾಬು ತಿರುಗಿಸಿದೆ. ಸ್ವರ ಏರಿತು. ಎರಡನೆಯದನ್ನು ತಿರುಗಿಸಿದೆ, ಧ್ವನಿ ಒರಟಾಯಿತು. ನಾಲ್ಕನೆಯದನ್ನು ಎಡಕ್ಕೆ ತಿರುಗಿಸಿದಾಗ ಕಂಬಳಿ ಹೊದಿಸಿದ ಹಾಗೆ ಧ್ವನಿ ಮೆತ್ತಗಾಗುತ್ತಾ ಒಳಗೆ ಹೋಯಿತು, ಬಲಕ್ಕೆ ತಿರುಗಿಸಿದಾಗ ಮತ್ತೆ ಹೊರಗೆ ಬಂತು. ಒಂದು ನಾಬಿಗೆ ಒಂದೇ ಕೆಲಸ. ಯಾವತ್ತಿಗೂ ಅದೇ ಜಾಗ, ಅದೇ ಕೆಲಸ. ಯಾವ ಪುಟದಲ್ಲಿದ್ದೀನಿ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ, ಭಾಯಿಯೇ ಕೊನೆಗೆ ಕೆಮ್ಮಿದರು.

"ಇದೇ ಕೊಡಿ" ಅಂದೆ.

"ಅಮ್ಮಾ, ನಿಂಗೆ ಸುಳ್ಳು ಹೇಳಿ ಮಾರಲ್ಲ ನಾನು. ಇವತ್ತಿನ ಕಾಲಕ್ಕೆ ಇದು ಆಗಲ್ಲ. ಇಷ್ಟಕ್ಕೆಲ್ಲ ಈಗ ಲ್ಯಾಪ್‌ಟಾಪೇ ಸಾಕು, ನಿನ್ ಹತ್ರ ಇದೆಯಲ್ಲ."

ಆಗ ಕಣ್ಣಿನ ವಿಷಯ ಹೇಳಿದೆ. ಕೊಳವೆಯ ಮಾತು, ಬಾಣದ ಮಾತು, ಎಲ್ಲ. ಅವರು ಮೇಲಿನ ಮನೆಗೆ ಕೇಳುವಂತೆ ಉರ್ದುವಿನಲ್ಲಿ ಎರಡು ಟೀ ಹೇಳಿದರು.

"ನಮ್ ಅಮ್ಮೀಜಾನ್‌ಗೂ ಕೊನೇಲಿ ಕಣ್ ಹೋಗಿತ್ತು" ಅಂದರು. "ಆದ್ರೂ ಅಡಿಗೆ ಮನೆಗೆ ಯಾರನ್ನೂ ಬಿಡ್ತಿರ್ಲಿಲ್ಲ. ಉಪ್ಪಿನ ಡಬ್ಬಿ ಆ ಕಡೆ ಈ ಕಡೆ ಆದ್ರೆ ಸೊಸೆಯಂದ್ರಿಗೆಲ್ಲ ಬೈಗುಳ. ಬಿರಿಯಾನಿ ಮಾತ್ರ ಒಂದ್ ದಿನಾನೂ ಕೆಡ್ಲಿಲ್ಲ." ಪೆಟ್ಟಿಗೆಯನ್ನು ನನ್ನ ಕಡೆ ಸರಿಸಿ, "ತಗೊಂಡ್ ಹೋಗು. ಆಗ್ದಿದ್ರೆ ವಾಪಸ್ ತಾ, ನಾನ್ ಏನೂ ಅಂದ್ಕೊಳಲ್ಲ" ಅಂದರು.

ಬೆಲೆಯ ಮಾತು ಟೀ ಆರುವುದರೊಳಗೆ ಮುಗಿಯಿತು. ಮಧ್ಯಾಹ್ನ ವಾಪಸು ಹೊರಟ ಗಂಡನ ಬಸ್ಸಿಗೆ ಪೆಟ್ಟಿಗೆ ಹತ್ತಿಸಿದರು. ಹೆಂಗಸರಿಗೆ ಬಸ್ಸು ಉಚಿತವಾದ್ದರಿಂದ ಗಂಡ ನನಗೆ ಸೊನ್ನೆ ಟಿಕೆಟ್ ಕೊಟ್ಟರು, ಪೆಟ್ಟಿಗೆಗೆ ಲಗೇಜಿನ ಟಿಕೆಟ್ ಹರಿದು ಅದರ ದುಡ್ಡನ್ನೂ ನನ್ನಿಂದಲೇ ತೆಗೆದುಕೊಂಡರು. "ಚೆಕಿಂಗ್ ಬಂದ್ರೆ?" ಅಂದರು ಗಂಭೀರವಾಗಿ.

ಅದನ್ನು ಕಲಿಯುವುದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ನಾಬಿನ ಮೇಲಿನ ಬಿಳಿ ಗೆರೆ ಎತ್ತ ಕಡೆ ಇದೆ ಎಂದು ಕಣ್ಣಿಗೆ ತಿಳಿಯುತ್ತದೆ, ಬೆರಳಿಗೆ ತಿಳಿಯುವುದಿಲ್ಲ. ಪ್ರತಿ ನಾಬಿನ ಗೆರೆಯ ಮೇಲೂ ಉಗುರಿಗೆ ಹಚ್ಚುವ ಬಣ್ಣವನ್ನು ಹನಿಹನಿಯಾಗಿ ಹಾಕಿ, ಒಣಗಿಸಿ, ಮತ್ತೆ ಹಾಕಿ, ಸಾಸಿವೆ ಕಾಳಿನಷ್ಟು ಉಬ್ಬಿಸಿದೆ. ಫಲಕದ ಮೇಲೂ ಅಲ್ಲಲ್ಲಿ ಅಂಥದೇ ಚುಕ್ಕಿ ಇಟ್ಟೆ. ಉಬ್ಬು ಎತ್ತ ಕಡೆ ಇದೆ ಎನ್ನುವುದನ್ನು ಗಡಿಯಾರದ ಮುಳ್ಳಿನ ಹಾಗೆ ನೆನಪಿಟ್ಟುಕೊಳ್ಳತೊಡಗಿದೆ. ಬೆಳಗ್ಗೆ ಒಂದು ಧ್ವನಿ ಮಾಡುವುದು, ನಾಬುಗಳನ್ನೆಲ್ಲ ಬೇಕೆಂದೇ ಕೆಡಿಸುವುದು, ಅಡಿಗೆ ಮುಗಿಸಿ ಬಂದು ಅದೇ ಧ್ವನಿಯನ್ನು ಮತ್ತೆ ಮಾಡುವುದು. ಮೊದಮೊದಲು ಆಗುತ್ತಲೇ ಇರಲಿಲ್ಲ. ಹತ್ತಿರ ಬಂದ ಹಾಗೆ ಇರುತ್ತಿತ್ತು, ಆದರೆ ಅದಲ್ಲ. ಎಷ್ಟೋ ಸಲ ಅತ್ತಿದ್ದೇನೆ. ಅತ್ತು ಮುಖ ತೊಳೆದುಕೊಂಡು ಬಂದು ಮತ್ತೆ ಕೂರುತ್ತಿದ್ದೆ. ಮೊದಲ ಮಳೆ ಬೀಳುವ ಹೊತ್ತಿಗೆ ಐದು ಧ್ವನಿಗಳು ಕೈಗೆ ಬಂದಿದ್ದವು. ಯಾವ ಹೊತ್ತಿನಲ್ಲಿ ಕೇಳಿದರೂ ಮಾಡಬಲ್ಲೆ ಎನ್ನುವ ಹಾಗೆ.

ಆದರೆ ಐದು ಧ್ವನಿಗೆ ಯಾರೂ ಕೆಲಸ ಕೊಡುವುದಿಲ್ಲ. ವರ್ಷವೂ ನನ್ನ ಹತ್ತಿರ ಟ್ರ್ಯಾಕ್ ಮಾಡಿಸುತ್ತಿದ್ದ ಶಾಲೆಯ ಡ್ಯಾನ್ಸ್ ಮಾಸ್ಟರು ಬಂದರು. ಅವರಿಗೆ ಈ ವರ್ಷ ಡೊಳ್ಳು, ತಮಟೆ, ಕಹಳೆ ಎಲ್ಲ ಸೇರಿದ ಭರ್ಜರಿ ಟ್ರ್ಯಾಕ್ ಬೇಕಿತ್ತು. ನನ್ನ ಪೆಟ್ಟಿಗೆ ನುಡಿಸಿ ತೋರಿಸಿದೆ.

"ಚೆನ್ನಾಗದೆ ಮೇಡಂ. ಆದ್ರೆ ಇದ್ಕೆ ಮಕ್ಳು ಕುಣಿಯಕ್ಕಾಗಲ್ಲ" ಅಂದರು. "ಹಳೇ ತರಾನೇ ಮಾಡ್ಕೊಡಿ, ಲೇಟಾದ್ರೂ ಪರ್ವಾಗಿಲ್ಲ."

ಮಾಡಿಕೊಡಬಹುದಿತ್ತು. ನಡುವಿನ ನೋಟ ಇನ್ನೂ ಉಳಿದಿತ್ತು. ಮುಖವನ್ನು ಪರದೆಗೆ ಅಂಟಿಸಿಕೊಂಡು, ಇಡೀ ವಾರ ಕೂತರೆ ಆಗುತ್ತಿತ್ತು. ಹಾಗೆ ಮಾಡಿಕೊಂಡು ಹೋದರೆ ಇನ್ನೆರಡು ವರ್ಷಕ್ಕೆ ಅದೂ ಆಗದೆ, ಇದನ್ನೂ ಕಲಿಯದೆ, ಎರಡೂ ಕಡೆಯಿಂದ ಹೋಗುತ್ತೇನೆ ಎನ್ನುವುದು ನನಗೆ ಸ್ಪಷ್ಟವಾಗಿತ್ತು. ಆಗುವುದಿಲ್ಲ ಅಂದೆ. ಅವರು ಪೇಟೆಯಲ್ಲೇ ಇರುವ ಇನ್ನೊಬ್ಬ ಹುಡುಗನ ಹತ್ತಿರ ಹೋದರು. ಅವನ ಹತ್ತಿರ ಪ್ಲಗಿನ್‌ಗಳ ರಾಶಿಯೇ ಇದೆ, ಕೆಲಸವನ್ನೂ ಚೆನ್ನಾಗಿ ಮಾಡುತ್ತಾನೆ. ಅವರ ಹಿಂದೆ ಇನ್ನೂ ಕೆಲವರು ಹೋದರು. ಆ ಮಳೆಗಾಲವೆಲ್ಲ ನನ್ನ ಫೋನು ರಿಂಗಾದದ್ದು ಬಹಳ ಕಡಿಮೆ. ಗಂಡ ಏನೂ ಕೇಳಲಿಲ್ಲ. ಕೇಳದೇ ಇದ್ದದ್ದಕ್ಕೆ ಅವರನ್ನು ಇನ್ನಷ್ಟು ಮೆಚ್ಚಿಕೊಂಡೆ.

ಕೆಲಸ ಬರಲಿ ಎಂದು ಕಾಯುವುದು ಬೇಡ, ಈ ಪೆಟ್ಟಿಗೆಯಿಂದ ಆಗುವ ಕೆಲಸ ಎಲ್ಲಿದೆಯೋ ಅಲ್ಲಿಗೆ ನಾನೇ ಹೋಗಬೇಕು ಅನ್ನಿಸಿತು. ಆಗ ನೆನಪಾದವಳು ಭೀಮನಬೀಡಿನ ಸೋಬಾನೆ ಹಾಡುವ ಅಕ್ಕ. ಅರಿಶಿನದ ಗದ್ದೆಗಳಲ್ಲಿ ಹೆಣ್ಣಾಳುಗಳನ್ನು ಕರೆದುಕೊಂಡು ಹೋಗಿ ಕೆಲಸ ಮಾಡಿಸುವುದು ಅವಳ ಬದುಕು. ಮದುವೆ, ಒಸಗೆಯಂಥ ಶುಭಕಾರ್ಯವಿದ್ದರೆ ಅದೇ ಹೆಂಗಸರನ್ನು ಕಟ್ಟಿಕೊಂಡು ಹೋಗಿ ಹಸೆಯ ಮುಂದೆ ಹಾಡುತ್ತಾಳೆ. ಹಿಂದಿನ ವರ್ಷ ಅವರ ಹಾಡುಗಳಿಗೆ ನಾನು ಲ್ಯಾಪ್‌ಟಾಪಿನಲ್ಲಿ ಟ್ರ್ಯಾಕ್ ಮಾಡಿಕೊಟ್ಟಿದ್ದೆ, ತಾಳ ಚೂರೂ ತಪ್ಪದ ಹಾಗೆ. ಅವರಿಗೆ ಅದಕ್ಕೆ ಹಾಡಲು ಆಗಲೇ ಇಲ್ಲ. ಅವಳು ಒಂದು ಸಾಲಿನ ಕೊನೆಯಲ್ಲಿ ಉಸಿರೆಳೆದುಕೊಂಡು ನಿಂತರೆ, ಟ್ರ್ಯಾಕು ನಿಲ್ಲದೆ ಮುಂದಕ್ಕೆ ಹೋಗುತ್ತಿತ್ತು. ಕೆಲಸ ಅಲ್ಲಿಗೇ ನಿಂತಿತ್ತು. ಈಗ ಫೋನ್ ಮಾಡಿ, ಇನ್ನೊಂದು ಸಲ ನೋಡೋಣ ಅಂದೆ.

"ನಿನ್ ಪೆಟ್ಗೆ ನಮ್ಗೆ ಕಾಯಕಿಲ್ಲ ಕಣವ್ವ" ಅಂದಳು.

"ಇದು ಬೇರೆ ಪೆಟ್ಟಿಗೆ. ಇದು ಕಾಯ್ತದೆ. ನೀವು ಹಾಡಿ, ನಾನು ನಿಮ್ಮ ಹಿಂದೆ ಬರ್ತೀನಿ."

"ಅಂಗಾರೆ ಬಾ."

ಹಾಗೆ ನೋಡಿದರೆ ಲ್ಯಾಪ್‌ಟಾಪಿನ ವಾದ್ಯವನ್ನೂ ಹಾಡಿನ ಹಿಂದೆ ನುಡಿಸಬಹುದು. ನಾನು ಆ ದಿನಗಳಲ್ಲಿ ಹಾಗೆ ಮಾಡಲಿಲ್ಲ, ಅಷ್ಟೆ. ಎಲ್ಲವನ್ನೂ ಪರದೆಯ ಮೇಲೆ ಗೆರೆ ಹಾಕಿ ಜೋಡಿಸುವ ಅಭ್ಯಾಸವಾಗಿಬಿಟ್ಟಿತ್ತು. ಪರದೆ ಇಲ್ಲದ್ದನ್ನು ಕೈಗೆ ತೆಗೆದುಕೊಂಡ ಮೇಲೆ ಕೇಳಿ ನುಡಿಸುವುದನ್ನು ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಗಂಡನ ರಜೆಯ ದಿನ ನೋಡಿಕೊಂಡು ಆಟೋದಲ್ಲಿ ಹೋದೆವು. ಅರಿಶಿನ ಬೇಯಿಸಿ ಹರವಿದ್ದ ಕಾಲ, ಅಂಗಳಕ್ಕೆ ಕಾಲಿಡುವ ಮೊದಲೇ ಅದರ ವಾಸನೆ. ಅಕ್ಕನ ಮನೆಯ ನಡುಮನೆಯಲ್ಲಿ ಚಾಪೆ ಹಾಸಿ ಅಕ್ಕನೂ ಸೇರಿ ಆರು ಹೆಂಗಸರು ಕೂತಿದ್ದರು. ಗಂಡ ಮೈಕು ನಿಲ್ಲಿಸಿದರು. ಲ್ಯಾಪ್‌ಟಾಪನ್ನು ರೆಕಾರ್ಡಿಂಗಿಗೆ ಇಟ್ಟುಕೊಂಡೆ, ಪೆಟ್ಟಿಗೆಯನ್ನು ತೊಡೆಯ ಮುಂದೆ ಮಣೆಯ ಮೇಲೆ ಇಟ್ಟುಕೊಂಡೆ. ಅಕ್ಕ ಸ್ವರ ಹಿಡಿದಳು. ನಾನು ಆ ಸ್ವರವನ್ನು ಕೆಳಗಿನ ಕೀಲಿಯಲ್ಲಿ ಹಿಡಿದು, ತಂಬೂರಿಯೂ ಅಲ್ಲದ, ಹಾರ್ಮೋನಿಯಮ್ಮೂ ಅಲ್ಲದ, ಗಂಟಲಿಗೆ ಹತ್ತಿರವಾದ ಒಂದು ಧ್ವನಿಯನ್ನು ಮೆಲ್ಲಗೆ ತೆರೆದೆ. ಹೆಣ್ಣನ್ನು ಹಸೆಗೆ ಕರೆಯುವ ಹಾಡು. ಅವಳು ಸಾಲಿನ ಕೊನೆಯಲ್ಲಿ ನಿಂತಳು. ನಾನೂ ನಿಂತೆ. ಬೇಕೆಂದೇ ಇನ್ನೂ ಒಂದಿಷ್ಟು ನಿಂತಳು, ನನ್ನನ್ನು ಪರೀಕ್ಷೆ ಮಾಡುವವಳ ಹಾಗೆ. ನಾನು ಧ್ವನಿಯನ್ನು ತಗ್ಗಿಸಿ ಕಾದೆ. ಆಮೇಲೆ ಅವಳು ಆ ಪರೀಕ್ಷೆ ಬಿಟ್ಟು ಹಾಡಿದಳು.

ಮೂರನೆಯ ಹಾಡಿನ ನಡುವೆ ಕರೆಂಟು ಹೋಯಿತು. ಲ್ಯಾಪ್‌ಟಾಪಿಗೆ ಬ್ಯಾಟರಿ ಇತ್ತು, ಪೆಟ್ಟಿಗೆಗೆ ಇರಲಿಲ್ಲ. ಹೆಂಗಸರು ಎದ್ದು ಹೊರಗೆ ಹೋದರು. ನೀರು ಕುಡಿಯಲು ಬಂದ ಅಕ್ಕನ ಮೊಮ್ಮಗಳು ಓಡುವಾಗ ತಂತಿಗೆ ಕಾಲು ಸಿಕ್ಕಿಸಿಕೊಂಡಳು. ಪೆಟ್ಟಿಗೆ ಮಣೆಯಿಂದ ಜಾರಿತು, ನಾನು ಹಿಡಿಯುವ ಅವಸರದಲ್ಲಿ ಎರಡೂ ಕೈಗಳನ್ನು ನಾಬುಗಳ ಮೇಲೆಯೇ ಹಾಕಿ ಬಾಚಿಕೊಂಡೆ. ಪೆಟ್ಟಿಗೆಗೆ ಏನೂ ಆಗಲಿಲ್ಲ. ಧ್ವನಿ ಮಾತ್ರ ಹೋಯಿತು. ಕರೆಂಟು ಬಂದ ಮೇಲೆ ಕೀಲಿ ಒತ್ತಿದರೆ ದುಂಬಿ ಡಬ್ಬಿಯೊಳಗೆ ಸಿಕ್ಕಿಕೊಂಡ ಸದ್ದು.

ಹೆಂಗಸರು ಒಳಗೆ ಬಂದು ಕೂತರು. ಗಂಡ ನನ್ನ ಕಿವಿಯ ಹತ್ತಿರ, "ಇನ್ನೊಂದಿನ ಬರನಾ?" ಅಂದರು.

"ಬೇಡ" ಅಂದೆ. ಹೆಂಗಸರಿಗೆ, "ಒಂದು ಗಳಿಗೆ ತಡೀರಿ, ಮತ್ತೆ ಮಾಡ್ಬೇಕು" ಅಂದೆ.

ಅಷ್ಟು ಜನರ ಎದುರು ನಾನು ಅದನ್ನು ಯಾವತ್ತೂ ಮಾಡಿರಲಿಲ್ಲ. ಎಡಗಡೆಯ ಮೊದಲ ನಾಬಿನಿಂದ ಶುರುಮಾಡಿದೆ. ಉಬ್ಬು ಹುಡುಕುವುದು, ತಿರುಗಿಸುವುದು, ಕೇಳುವುದು. ದುಂಬಿಯ ಸದ್ದು ಸಪೂರವಾಯಿತು, ದುಂಡಗಾಯಿತು, ಅದರ ಒರಟು ಇಳಿಯಿತು. ಕೊನೆಯ ನಾಬು ಮುಗಿಸಿ ಸ್ವರ ಹಿಡಿದೆ. ಮೊದಲಿನದೇ ಅನ್ನಲು ಮನಸ್ಸು ಒಪ್ಪಲಿಲ್ಲ. ಸ್ವರವೂ ಕೂದಲೆಳೆಯಷ್ಟು ಕೆಳಗೆ ಕೂತಿತ್ತು.

ಅಕ್ಕನಿಗೆ ಅದು ತಕ್ಷಣ ಗೊತ್ತಾಯಿತು. "ಮೊದ್ಲಿಗಿಂತ ಒಸಿ ತಗ್ಗಾಗದ" ಅಂದಳು.

"ಏರಿಸ್ತೀನಿ ಇರಕ್ಕ."

"ಬ್ಯಾಡ ಬುಡು. ಬೆಳಿಗ್ಗಿಂದ ಹಾಡಿ ನಮ್ಗೂ ಗಂಟ್ಲು ತಗ್ಗದ. ಇದೇ ಇರ್ಲಿ" ಅಂದು, ಸ್ವರ ಹಿಡಿದೇ ಬಿಟ್ಟಳು. ಉಳಿದ ಐದು ಜನ ಸೇರಿಕೊಂಡರು. ಸಂಜೆ ಬೆಳಕಿರುವಾಗಲೇ ಎಲ್ಲ ಹಾಡುಗಳನ್ನೂ ಮುಗಿಸಿ ಎದ್ದೆವು. ನನ್ನನ್ನು ಕೇಳಿದರೆ ಆ ದಿನದ ಒಳ್ಳೆಯ ಹಾಡುಗಳು ಕರೆಂಟು ಬಂದ ಮೇಲಿನವೇ.

ಮನೆಯಲ್ಲಿ ಅವನ್ನು ಯಂತ್ರದ ಹೆಂಗಸಿನ ಸಹಾಯದಿಂದ ಕತ್ತರಿಸಿ, ಬೇಡದ ಸದ್ದು ತೊಳೆದು, ಅಕ್ಕನ ಮಗನ ಮೊಬೈಲಿಗೆ ಕಳಿಸಿದೆ. ಆ ಹಾಡುಗಳು ಒಂದರಿಂದ ಒಂದು ಮೊಬೈಲಿಗೆ ಎಲ್ಲೆಲ್ಲೋ ಹೋದವು. ತೆರಕಣಾಂಬಿಯ ಒಂದು ಮದುವೆಯಲ್ಲಿ ಸ್ಪೀಕರಿನಲ್ಲಿ ಹಾಕಿದ್ದನ್ನು ಅಣ್ಣ ಕೇಳಿ ಫೋನ್ ಮಾಡಿದ. "ನಿಂದೇ ಅಂತಲ್ಲ?" ಅಂದ. ಹೌದು ಅಂದೆ. ಕಣ್ಣಿನ ಮಾತು ಎತ್ತಲಿಲ್ಲ. ಆಮೇಲೆ ಹಂಗಳದ ಕಡೆಯಿಂದ ಒಂದು ಭಜನೆಯ ತಂಡ ಬಂತು, ಗಡಿಯಾಚೆಯ ತಾಳವಾಡಿಯಿಂದ ಕನ್ನಡ ತಮಿಳು ಎರಡರಲ್ಲೂ ಹಾಡುವ ಅಕ್ಕತಂಗಿಯರು ಬಂದರು. ಮೊದಲಿನಷ್ಟು ಕೆಲಸವಿಲ್ಲ. ಬಂದ ಕೆಲಸ ನನ್ನ ಕೈಗೆ ಒಗ್ಗುವಂಥದ್ದು. ಭಾಯಿ ಆಗೀಗ ಫೋನ್ ಮಾಡಿ, ಆ ದೊಡ್ಡ ಕೀಬೋರ್ಡು ಇನ್ನೂ ಹಾಗೇ ಇದೆ, ಅರ್ಧ ಬೆಲೆಗೆ ಕೊಡುತ್ತೇನೆ ಅನ್ನುತ್ತಾರೆ. ಬೇಡ ಭಾಯಿ ಅನ್ನುತ್ತೇನೆ. ಅವರೂ ಅದನ್ನು ಮಾರಲೆಂದು ಕೇಳುವುದಲ್ಲ, ಹೇಗಿದ್ದೀಯ ಎಂದು ಕೇಳುವ ಬದಲು ಕೇಳುತ್ತಾರೆ.

ನೋಟ ಇನ್ನಷ್ಟು ಕಿರಿದಾಗಿದೆ. ಈಗ ಹೊರಗೆ ಹೋಗುವಾಗ ಬಿಳಿ ಕೋಲು ಹಿಡಿಯುತ್ತೇನೆ. ಮೊದಲ ದಿನ ಬಸ್ ಸ್ಟ್ಯಾಂಡಿನಲ್ಲಿ ನಾಚಿಕೆಯಾಗಿತ್ತು, ಈಗ ಆಗುವುದಿಲ್ಲ.

ಹೋದ ತಿಂಗಳು ಲ್ಯಾಪ್‌ಟಾಪಿನಲ್ಲಿ ಜಾಗವಿಲ್ಲ ಎಂದು ಯಂತ್ರದ ಹೆಂಗಸು ದಿನವೂ ಹೇಳತೊಡಗಿದಳು. ರೆಕಾರ್ಡ್ ಮಾಡಿದ ಹಾಡುಗಳನ್ನು ಅಳಿಸುವಂತಿರಲಿಲ್ಲ. ಜಾಗ ತಿಂದಿದ್ದು ಪ್ಲಗಿನ್‌ಗಳು. ಒಂದು ಬೆಳಗ್ಗೆ ಕೂತು ಅವಳಿಂದ ಒಂದೊಂದರ ಹೆಸರು ಓದಿಸಿದೆ. ನಾಗಸ್ವರ, ಪಿಟೀಲುಗಳು, ಎಷ್ಟೋ ಮದುವೆಗಳಲ್ಲಿ ಬಳಸಿದ ಆರ್ಗನ್ನು, ಆ ಮಧ್ಯಾಹ್ನ ಪೀಪಿಯಾದ ಕೊಳಲು. ಪ್ರತಿಯೊಂದಕ್ಕೂ ಅಳಿಸಲೇ ಎಂದು ಅವಳು ಕೇಳಿದಳು, ನಾನು ಹೌದು ಒತ್ತಿದೆ. ಒಂದನ್ನು ಮಾತ್ರ ಉಳಿಸಿಕೊಂಡೆ. ಒಂದು ತಬಲ. ಅದನ್ನು ಮಾಡಿದವರು ಯಾರೋ ಪುಣ್ಯಾತ್ಮರು ಪ್ರತಿ ನಾಬಿಗೂ ಹೆಸರು ಸೇರಿಸಿದ್ದಾರೆ, ಅವಳು ಅದನ್ನು ಓದುತ್ತಾಳೆ, ನಾನು ಕೀಲಿಗಳಿಂದಲೇ ತಿರುಗಿಸಬಲ್ಲೆ. ಭಜನೆಯವರಿಗೆ ತಬಲ ಬೇಕೇ ಬೇಕು. ಬೇರೆಯವರೂ ಹೀಗೆ ಹೆಸರು ಸೇರಿಸಲಿ ಎಂದು ಎರಡು ಕಂಪನಿಗಳಿಗೆ ಬರೆದಿದ್ದೇನೆ. ಒಂದರಿಂದ ಉತ್ತರ ಬಂತು, ನೋಡುತ್ತೇವೆ ಎಂದು. ನೋಡುವವರೆಗೆ ಬರೆಯುತ್ತಲೇ ಇರುತ್ತೇನೆ.